ಬರಿ ಗಡಿಗೆ ಕೊಡಬಾರದು

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ನಮ್ಮ ಸ್ಟೀಲ್ ಡಬ್ಬಿಯನ್ನು ತಂದುಕೊಟ್ಟಳು. ಹಿಂದಿನ ವಾರ ಅದರಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿ ಕೊಟ್ಟಿದ್ದೆ. ಎಷ್ಟು ಚೆನ್ನಾಗಿ ತೊಳೆದು ಒರೆಸಿದ್ದಳೆಂದರೆ ಮುಚ್ಚಳದಲ್ಲಿ ನನ್ನ ಮುಖ ಕಾಣುತ್ತಿತ್ತು. ತೆರೆದು ನೋಡಿದೆ. ಒಳಗೂ ನನ್ನ ಮುಖವೇ ಕಾಣಿಸಿತು. ಬೇರೆ ಏನೂ ಇರಲಿಲ್ಲ.

ಹುಡುಗಿಯ ತಪ್ಪಲ್ಲ. ದೂರದ ಊರಿನವಳು, ಬ್ಯಾಂಕಿನ ಕೆಲಸದವಳು. ಆದರೆ ನಮ್ಮ ಕಡೆ ತುಂಬಿ ಹೋದ ಡಬ್ಬಿ ಬರಿದಾಗಿ ಮರಳುವುದಿಲ್ಲ. ಏನಿಲ್ಲವೆಂದರೂ ಎರಡು ಚಮಚ ಸಕ್ಕರೆ, ಅದೂ ಇಲ್ಲವೆಂದರೆ ಒಂದು ಎಸಳು ಕರಿಬೇವು. ನಮ್ಮಮ್ಮ ಒಮ್ಮೆ ಮನೆಯಲ್ಲಿ ಏನೂ ಇಲ್ಲದಾಗ ಮೂರು ಒಣ ಮೆಣಸಿನಕಾಯಿ ಹಾಕಿ ಕಳಿಸಿದ್ದಳು. ಬ್ಯಾಡಗಿಯಲ್ಲಿ ಎಂಥ ಬಡವರ ಮನೆಯಲ್ಲೂ ಮೂರು ಮೆಣಸಿನಕಾಯಿಗೆ ಕೊರತೆಯಿಲ್ಲ.

ಇದನ್ನೆಲ್ಲ ಆ ಹುಡುಗಿಗೆ ತಿಳಿಸಿ ಹೇಳಬೇಕೆಂದು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡೆ. "ಇರ್ಲಿ ಬಿಡವಾ, ಯಾಕ ಇಷ್ಟ ತೊಳಿಯಾಕ ಹೋದಿ," ಎಂದು ಕಳಿಸಿಕೊಟ್ಟೆ. ಈ ವಿಷಯದಲ್ಲಿ ಉಪದೇಶ ಮಾಡುವ ಹಕ್ಕು ಇಡೀ ತಾಲೂಕಿನಲ್ಲಿ ಯಾರಿಗಾದರೂ ಇಲ್ಲವೆಂದರೆ ಅದು ನನಗೆ. ಒಂದು ಡಬ್ಬಿಯಲ್ಲ, ಒಂದು ಇಡೀ ಮ್ಯೂಸಿಯಮ್ಮನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಬರಿದು ಮಾಡಿದವಳು.

ಆ ಮ್ಯೂಸಿಯಮ್ಮು ವತ್ಸಲಕ್ಕನವರದು. ಹಾವೇರಿಯ ವಕೀಲರ ಮಗಳು. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಆದರೆ ಕೋರ್ಟಿತ್ತು, ವಕೀಲರಿದ್ದರು, ವಕೀಲರ ಹೆಣ್ಣುಮಕ್ಕಳು ಏನು ಮಾಡಬೇಕು ಎಂಬ ಬಗ್ಗೆ ಎಲ್ಲರಿಗೂ ಖಚಿತ ಅಭಿಪ್ರಾಯವಿತ್ತು. ಅಪ್ಪ ಚಿತ್ರ ಕಲಿಯಲೆಂದು ಇವರನ್ನು ಬಡೋದೆಗೆ ಕಳಿಸಿದರು. ಅಲ್ಲಿ ಇವರು ಕುಂಚವನ್ನು ಕೆಳಗಿಟ್ಟು ಮಣ್ಣಿಗೆ ಕೈ ಹಾಕಿದರು. ಮರಳಿ ಬಂದಾಗ ಸಾಮಾನಿನ ಜೊತೆ ಕುಂಬಾರರ ಒಂದು ತಿಗರಿಯೂ ಬಂತಂತೆ, ರೈಲಿನಲ್ಲಿ. ಅವರ ತಾಯಿ ಅದನ್ನು ನೋಡಿ, "ಗಾಡಿ ಗಾಲಿ ಬಂತು, ಗಾಡಿ ಯಾವಾಗ ಬರ್ತದ?" ಎಂದು ಕೇಳಿದರಂತೆ. ತಾಯಿಯ ಮನಸ್ಸಿನಲ್ಲಿದ್ದದ್ದು ಮದುವೆಯ ಗಾಡಿ. ಅದು ಬರಲಿಲ್ಲ. ವತ್ಸಲಕ್ಕ ಅದಕ್ಕಾಗಿ ದಾರಿ ಕಾಯ್ದದ್ದನ್ನೂ ನಾನು ಕೇಳಿಲ್ಲ.

ಅವರು ಮಾಡುತ್ತಿದ್ದದ್ದು ಮೆರುಗಿನ ಬಟ್ಟಲು, ಹೂಜಿ, ತಟ್ಟೆ. ಗಾಜಿನಂಥ ಲೇಪ ಹಚ್ಚಿ ಭಟ್ಟಿಯಲ್ಲಿ ಎರಡು ಸಲ ಸುಡುವಂಥವು. ಮುಂಬಯಿ, ದಿಲ್ಲಿಯಲ್ಲಿ ಪ್ರದರ್ಶನವಾಗುತ್ತಿದ್ದವು. ಹಾವೇರಿಯಲ್ಲಿ ಮಾತ್ರ, "ವಕೀಲರ ಮಗಳು ಕುಂಬಾರಿಕಿ ಮಾಡಾಕತ್ತಾಳಂತ" ಎಂಬಷ್ಟೇ ಸುದ್ದಿ.

ಮ್ಯೂಸಿಯಮ್ಮಿನ ಹುಚ್ಚು ಹತ್ತಿದ್ದು ಸಂತೆಯಲ್ಲಿ. ಎಂಬತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ನಮ್ಮ ಕಡೆಯ ಸಂತೆಗಳಿಗೆಲ್ಲ ಪ್ಲಾಸ್ಟಿಕ್ ಕೊಡ ಬಂದಿತ್ತು. ಹಳೆಯ ಹಿತ್ತಾಳೆ, ತಾಮ್ರ, ಕಲ್ಲಿನ ಮರಿಗೆ, ಏನು ಕೊಟ್ಟರೂ ಬದಲಿಗೆ ಬಣ್ಣದ ಕೊಡ ಕೊಡುವವರು ಸಾಲಾಗಿ ಕೂರುತ್ತಿದ್ದರು. ಮಣ್ಣಿನ ಗಡಿಗೆಯನ್ನಂತೂ ಅವರೂ ಮುಟ್ಟುತ್ತಿರಲಿಲ್ಲ. ಅದು ತಿಪ್ಪೆಗೆ ಹೋಗುತ್ತಿತ್ತು. ವತ್ಸಲಕ್ಕ ಒಂದು ದಿನ ಆ ಸಾಲಿನಲ್ಲೇ ಗೋಣಿತಟ್ಟು ಹಾಸಿ ಕುಳಿತರು. ಮುಂದೆ ತಮ್ಮ ಮೆರುಗಿನ ಬಟ್ಟಲುಗಳು. "ಹಳೇ ಗಡಗಿ ಕೊಡ್ರಿ, ಹೊಸಾ ಬಟ್ಲ ಒಯ್ರಿ."

ಬಂದ ಹೆಂಗಸರು ಬಟ್ಟಲನ್ನು ತಿರುಗಿಸಿ ನೋಡಿದರು.

"ಯವ್ವಾ, ಇದು ಬಿದ್ರ ಒಡೀತೈತೇನು?"

"ಒಡೀತದವಾ."

"ಒಲಿ ಮ್ಯಾಲ ಇಟ್ರ?"

"ಇಡಬಾರದು."

"ಹಂಗಾರ ಇದರ ಕಡಿಂದ ಏನ್ ಕೆಲಸಾ ತಗೊಳ್ಳೂದು? ಗಂಡ ಇದ್ದಂಗ ಇದ್ದೀತು!"

ಸಂತೆಯೆಲ್ಲ ನಕ್ಕಿತಂತೆ. ಆ ದಿನ ಒಂದೂ ಬಟ್ಟಲು ಹೋಗಲಿಲ್ಲ. ಆದರೆ ನಗಿಸಿದ ಹೆಂಗಸೇ ಸಂಜೆ ಮನೆಗೆ ಕರೆದು ಹಿತ್ತಲಲ್ಲಿ ಬಿದ್ದಿದ್ದ ಎರಡು ಗಡಿಗೆ ಸುಮ್ಮನೇ ಕೊಟ್ಟಳು. ಹೀಗೆ ಶುರುವಾದದ್ದು, ನಾನು ಸೇರುವ ಹೊತ್ತಿಗೆ ಬ್ಯಾಡಗಿಯ ಒಂದು ಹಳೆಯ ಮೆಣಸಿನಕಾಯಿ ವಖಾರವನ್ನು, ಅಂದರೆ ಗೋದಾಮನ್ನು, ತುಂಬಿತ್ತು. ಗಡಿಗೆ, ದೊಡ್ಡ ಮಣ್ಣಿನ ಹರವಿ, ಬೀಸುಕಲ್ಲು, ಕೌದಿ, ತೊಟ್ಟಿಲು, ಎತ್ತಿನ ಕೊರಳಗೆಜ್ಜೆ. ಹಿತ್ತಲಲ್ಲಿ ಭಟ್ಟಿ. ವಖಾರದ ಗೋಡೆಗೆ ಎಷ್ಟು ಸುಣ್ಣ ಹೊಡೆದರೂ ಘಾಟು ಹೋಗಿರಲಿಲ್ಲ. ನೋಡಲು ಬಂದವರು ಮೊದಲು ಸೀನಬೇಕು, ಆಮೇಲೆ ಜನಪದ ಕಲೆ. ವತ್ಸಲಕ್ಕ, "ಸೀನಿದವರು ಲಗೂ ಮರಿಯೂದಿಲ್ಲ" ಎನ್ನುತ್ತಿದ್ದರು.

ಈಗ ನನ್ನ ವಿಷಯ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಸಹಿ ಹಾಕಿದವರಿಲ್ಲ, ಎಲ್ಲರೂ ಹೆಬ್ಬೆಟ್ಟು ಒತ್ತಿದವರು. ಅಬ್ಬಾ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅಮ್ಮ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಉರಿಯುವ ಬೆರಳುಗಳನ್ನು ಸಂಜೆ ಎಣ್ಣೆಯಲ್ಲಿ ಅದ್ದಿ ಕೂತು ನನಗೆ ಪಾಠ ಓದು ಎನ್ನುತ್ತಿದ್ದಳು. ಅವಳಿಗೆ ಅಕ್ಷರ ತಿಳಿಯದು, ಆದರೆ ನಾನು ಒಂದು ಸಾಲು ಹಾರಿಸಿದರೆ ಹೇಗೋ ಗೊತ್ತಾಗುತ್ತಿತ್ತು. ರಾಣೆಬೆನ್ನೂರಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋದೆ. ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಬಿ.ಎ. ಪಾಸಾದೆ. ಅದರ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ. ಹೆಮ್ಮೆ ಪಡಬಾರದು ಎಂದು ಹೇಳುವವರು ಸಾಮಾನ್ಯವಾಗಿ ಅಜ್ಜನ ಕಾಲದಿಂದ ಓದಿದವರಾಗಿರುತ್ತಾರೆ.

ಆದರೆ ಸ್ವಲ್ಪ ಅತಿ ಮಾಡಿದ್ದೂ ನಿಜ. ಪಾಸಾದ ವರ್ಷ ಎಲ್ಲಿ ಸಹಿ ಹಾಕಿದರೂ 'ಜೈತುನಬಿ, ಬಿ.ಎ.' ಎಂದೇ ಹಾಕುತ್ತಿದ್ದೆ. ರೇಷನ್ ಅಂಗಡಿಯವನ ಪುಸ್ತಕದಲ್ಲೂ ಹಾಕಿದೆ. ಅವನು ಕನ್ನಡಕ ಏರಿಸಿ ನೋಡಿ, "ಬಿ.ಎ. ಆದವರಿಗೆ ಚಿಮಣಿ ಎಣ್ಣಿ ಜಾಸ್ತಿ ಕೊಡಾಕ ಬರೂದಿಲ್ಲವಾ," ಎಂದ.

ವತ್ಸಲಕ್ಕನ ಹತ್ತಿರ ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟುಗಳ ಫೈಲು ಎದೆಗೆ ಅವಚಿಕೊಂಡಿದ್ದೆ. ಅವರು ಫೈಲು ನೋಡಲಿಲ್ಲ. ಒಂದು ಗಡಿಗೆಯನ್ನು ನನ್ನ ಮುಂದೆ ಹಿಡಿದರು. ಅವರಿಗೊಂದು ಚಟವಿತ್ತು, ಎದುರಿಗೆ ಕಂಡದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುವುದು. ಗಡಿಗೆ, ಕಲ್ಲಂಗಡಿ, ಬಾಗಿಲು, ತುಂಬಾ ಮಾತಾಡಿದರೆ ನನ್ನ ತಲೆ.

"ಬಡದು ನೋಡು. ಬೆಂದದೋ ಇಲ್ಲೋ?"

ಬಡಿದೆ. 'ಟಣ್' ಎಂದಿತು. ಅರ್ಥವಾಗಲಿಲ್ಲ.

"ನನಗ ಹಿತ್ತಾಳಿ ಗೊತ್ತೈತ್ರಿ, ಮಣ್ಣು ಗೊತ್ತಿಲ್ಲ," ಎಂದೆ. "ನಮ್ಮ ಅಬ್ಬಾ ಕಲಾಯಿ ಹಾಕ್ತಾರ."

ಮರುದಿನದಿಂದಲೇ ಬಾ ಎಂದರು. ನನಗೆ ಕೆಲಸ ಸಿಕ್ಕದ್ದು ಬಿ.ಎ. ಇಂದ ಅಲ್ಲ, ಅಬ್ಬಾನ ಕಲಾಯಿಯಿಂದ ಎಂಬುದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಕೆಲಸವೆಂದರೆ ಪ್ರತಿ ವಸ್ತುವಿಗೂ ಚೀಟಿ ಬರೆಯುವುದು. ಏನು, ಯಾವ ಊರಿನದು, ಕೊಟ್ಟವರು ಯಾರು. ದುಂಡಗೆ ಬರೆಯುತ್ತಿದ್ದೆ. ವತ್ಸಲಕ್ಕ ಓದಿಕೊಳ್ಳಲೆಂದು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು, ವಸ್ತುಗಳನ್ನು ಕಾಪಾಡುವ ಬಗೆ ಹೇಗೆಂದು. ಶಬ್ದಕೋಶ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಎರಡು ಪುಟ ಓದುತ್ತಿದ್ದೆ. ಅರ್ಧ ತಿಳಿಯುತ್ತಿತ್ತು. ತಿಳಿದ ಅರ್ಧವೇ ಮುಂದೆ ಅನಾಹುತಕ್ಕೆ ಸಾಕಾಯಿತು.

ವಖಾರದ ನಟ್ಟನಡುವೆ ಒಂದು ಅಡಕಲು ಇತ್ತು. ಅಡಕಲು ಎಂದರೆ ಒಂದರ ಮೇಲೊಂದು ಕೂರಿಸಿದ ಗಡಿಗೆಗಳ ಗೋಪುರ. ಕೆಳಗೆ ಎಲ್ಲಕ್ಕಿಂತ ದೊಡ್ಡದು, ಮೇಲೆ ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಹಿಂದೆ ಮನೆಯ ಕಾಳುಕಡಿ, ಬೀಜ, ಬೆಲ್ಲವೆಲ್ಲ ಇರುತ್ತಿದ್ದದ್ದು ಅದರಲ್ಲೇ. ಐದು ಗಡಿಗೆಯ ಆ ಅಡಕಲು ಕಾಗಿನೆಲೆಯಿಂದ ಆಚೆಗಿನ ಒಂದು ಸಣ್ಣ ಹಳ್ಳಿಯ ನಿಂಗವ್ವನದು. ಅವಳ ತಾಯಿ ಮದುವೆಯಲ್ಲಿ ಕೊಟ್ಟದ್ದು. ವತ್ಸಲಕ್ಕ ಅದನ್ನು ಕೇಳಿ ಪಡೆಯಲು ಅವಳ ಮನೆಗೆ ಎಷ್ಟು ಸಲ ಹೋಗಿದ್ದರೋ. ಕೊಟ್ಟ ಮೇಲೂ ನಿಂಗವ್ವ ಸಂತೆಗೆ ಬಂದಾಗಲೆಲ್ಲ ವಖಾರಕ್ಕೆ ಬಂದು, ಅಡಕಲಿನ ಮುಂದೆ ಒಂದು ಗಳಿಗೆ ಕೂತು ಹೋಗುತ್ತಿದ್ದಳು, ಕೊಟ್ಟ ಮಗಳನ್ನು ನೋಡಲು ಬಂದವಳ ಹಾಗೆ.

ಒಂದು ವರ್ಷ ಬೆಂಗಳೂರಿನ ಸಂಸ್ಕೃತಿ ಇಲಾಖೆಯಿಂದ ಕಾಗದ ಬಂತು. ಅಧಿಕಾರಿಯೊಬ್ಬರು ಮ್ಯೂಸಿಯಮ್ಮನ್ನು ನೋಡಲು ಬರುತ್ತಾರೆ. ಅವರು ಒಪ್ಪಿದರೆ ಇಲಾಖೆಯೇ ವಖಾರವನ್ನು ನಮಗೆ ಬಿಡಿಸಿಕೊಡುತ್ತದೆ. ಒಪ್ಪದಿದ್ದರೆ ವಖಾರದ ಸಾವುಕಾರರು ಬರುವ ಸುಗ್ಗಿಗೆ ಅದರಲ್ಲಿ ಮೆಣಸಿನಕಾಯಿ ತುಂಬುವುದು ನಿಶ್ಚಯವಾಗಿತ್ತು. ಅವರದೂ ತಪ್ಪಲ್ಲ, ಇಷ್ಟು ವರ್ಷ ಬಿಟ್ಟಿದ್ದೇ ದೊಡ್ಡದು. ವತ್ಸಲಕ್ಕನಿಗೆ ಅದೇ ಹೊತ್ತಿಗೆ ಮುಂಬಯಿಯಲ್ಲಿ ಪ್ರದರ್ಶನ. "ಅವರು ಬರೂದಕ್ಕ ಎರಡು ದಿನ ಮೊದಲು ಬಂದ್ಬಿಡ್ತೀನಿ. ಅಲ್ಲೀತನಕ ಎಲ್ಲಾ ನೀಟ ಮಾಡಿಡು," ಎಂದು ಹೇಳಿ ರೈಲು ಹತ್ತಿದರು.

ನೀಟು ಮಾಡಲು ನಿಂತೆ. ಒಂದು ಗಡಿಗೆಯ ಮುಚ್ಚಳ ತೆಗೆದರೆ ಒಳಗೆ ಒಂದು ಹಿಡಿ ಜೋಳ, ಜೋಳದ ತುಂಬ ನುಸಿ. ಇನ್ನೊಂದು ತೆಗೆದೆ, ಹೆಸರುಕಾಳು, ನುಸಿ. ಮೆಣಸಿನ ಘಾಟಿಗೆ ಸೀನುತ್ತಿದ್ದವರು ನಾವು ಮಾತ್ರ, ನುಸಿಗಳಿಗೆ ಹವೆ ಒಗ್ಗಿತ್ತು. ಪ್ರತಿ ಗಡಿಗೆ, ಪ್ರತಿ ಹರವಿ, ಪ್ರತಿ ಬುಟ್ಟಿಯಲ್ಲೂ ಯಾವುದೋ ಒಂದು ಹಿಡಿ ಕಾಳು. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಪಾತ್ರೆಗಳನ್ನು ಸ್ವಚ್ಛವಾಗಿ, ಒಣಗಿಸಿ, ಬರಿದಾಗಿ ಇಡತಕ್ಕದ್ದು. ನನ್ನ ತಿಳಿದ ಅರ್ಧದಲ್ಲಿ ಆ ವಾಕ್ಯ ಪೂರ್ತಿ ಸೇರಿತ್ತು.

ಎಲ್ಲವನ್ನೂ ಹಿತ್ತಲಲ್ಲಿ ಸುರಿದೆ. ಓಣಿಯ ಕೋಳಿಗಳಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಅವು ಆಮೇಲೆ ಎರಡು ದಿನ ಬಸುರಿಯರ ಹಾಗೆ ನಡೆದವು. ಗಡಿಗೆಗಳನ್ನೆಲ್ಲ ತೊಳೆದು, ಬಿಸಿಲಿಗಿಟ್ಟು, ಧೂಳು ಕೂರದಿರಲೆಂದು ಬೋರಲು ಹಾಕಿ ಸಾಲಾಗಿ ಇಟ್ಟೆ. ಅಡಕಲಿನ ಐದನ್ನೂ ನೆಲದ ಮೇಲೆ ಬೋರಲು ಹಾಕಿದೆ. ಬಾಗಿಲಲ್ಲಿ ನಿಂತು ನೋಡಿದರೆ ಎಂಥ ಶಿಸ್ತು! ಜೈತುನಬಿ, ಬಿ.ಎ.

ಮರುದಿನ ಸಂತೆ. ನಿಂಗವ್ವ ಬಂದಳು. ಹೊಸ್ತಿಲು ದಾಟಿದವಳು ಅಲ್ಲೇ ನಿಂತಳು.

"ಯಾರ್ ಸತ್ತಾರ?" ಎಂದಳು.

"ಯಾರೂ ಇಲ್ಲಬೇ. ಯಾಕ?"

"ಮತ್ಯಾಕ ಗಡಗಿ ಬೋರಲ ಬಿದ್ದಾವು? ಮನಿ ಮುಳುಗಿದವರ ಗಡಗಿ ಹಂಗ!" ಅಡಕಲಿನ ಸಣ್ಣ ಗಡಿಗೆಯನ್ನು ಎತ್ತಿ ಒಳಗೆ ಕೈ ಹಾಕಿದಳು. ಕೈ ಬರಿದೇ ಹೊರಗೆ ಬಂತು. "ಇದರಾಗಿನ ಕಾಳು ಎಲ್ಲೈತಿ?"

"ನುಸಿ ಹತ್ತಿದ್ವಬೇ. ಕೋಳಿಗೆ ಚೆಲ್ಲಿದೆ."

"ಚೆಲ್ಲಿದೆ." ನನ್ನ ಮಾತನ್ನೇ ಮೆಲ್ಲಗೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. "ನಮ್ಮವ್ವ ಇದನ್ನ ನನಗ ಕೊಟ್ಟಾಗ ಕಾಳು ತುಂಬಿ ಕೊಟ್ಟಿದ್ಲು. ನಾ ನಿಮ್ಮಕ್ಕಾಗ ಕೊಟ್ಟಾಗ ತುಂಬಿ ಕೊಟ್ಟೆ. ನೀ ಏನವಾ, ಸಾಲಿ ಕಲ್ತಾಕಿ, ಭಾಳ ಕಲ್ತೀದಿ ಬಿಡು."

ಸಣ್ಣ ಗಡಿಗೆಯನ್ನು ಸೆರಗಿನೊಳಗೆ ಕಟ್ಟಿಕೊಂಡು ಹೊರಟುಬಿಟ್ಟಳು. ಉಳಿದ ನಾಲ್ಕನ್ನು ಹೊರಲಾರಳು, ಇಲ್ಲವಾದರೆ ಅವೂ ಹೋಗುತ್ತಿದ್ದವು. ಸಂತೆಯಲ್ಲಿ ಏನು ಹೇಳಿದಳೋ, ಸಂಜೆಯೊಳಗೆ ಇನ್ನೂ ಮೂವರು ಹೆಂಗಸರು ಬಂದು ತಮ್ಮ ತಮ್ಮ ಗಡಿಗೆ ಎತ್ತಿಕೊಂಡು ಹೋದರು. ಒಬ್ಬಳು ಹೋಗುವಾಗ ನನ್ನ ಚೀಟಿಯನ್ನು ಕಿತ್ತು ನನ್ನ ಕೈಯಲ್ಲೇ ಇಟ್ಟಳು. "ಇದು ನಿಂದು."

ಮನೆಗೆ ಹೋಗಿ ಅಬ್ಬಾನಿಗೆ ಹೇಳಿದೆ. ನಮ್ಮ ಮನೆಯಲ್ಲಿ ಉರ್ದು ಮಾತು, ಆದರೆ ಸಿಟ್ಟು ಬಂದರೆ ಅಬ್ಬಾ ಕನ್ನಡಕ್ಕೆ ಬರುತ್ತಿದ್ದರು. ದಿನವಿಡೀ ಓಣಿಯಲ್ಲಿ ಚೌಕಾಸಿ ಮಾಡಿದ ಭಾಷೆ, ಜಗಳಕ್ಕೆ ಹದವಾಗಿತ್ತು.

"ನೀ ಹುಟ್ಟಿದಾಗಿಂದ ಉಂಡ ಜ್ವಾಳ ಯಾವುದು?" ಎಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ಅಬ್ಬಾ ಯಾವುದೋ ಓಣಿಯ ಬೇವಿನ ಮರದ ಕೆಳಗೆ ತಿದಿ ಊದಿ, ತವರ ಹಚ್ಚಿ, ಬೆಳ್ಳಗೆ ಹೊಳೆಯುವ ಪಾತ್ರೆಯನ್ನು ಮನೆಯೊಡತಿಯ ಕೈಗೆ ಕೊಟ್ಟರೆ, ಅವಳು ಒಳಗೆ ಹೋಗಿ ಅದೇ ಪಾತ್ರೆಯಲ್ಲಿ ಜೋಳ ತಂದು ಅಬ್ಬಾನ ಚೀಲಕ್ಕೆ ಸುರಿಯುತ್ತಿದ್ದಳು. ಹೊಸ ಕಲಾಯಿಯ ಮೊದಲ ತುಂಬು ಕಲಾಯಿಯವನದು. ದುಡ್ಡು ಬೇರೆ, ಇದು ಬೇರೆ. ನಾನು ಆ ಚೀಲದ ಪಕ್ಕದಲ್ಲಿ ಕೂತು ಬೆಳೆದವಳು. ಪಾತ್ರೆಯಿಂದ ಜೋಳ ಸುರಿಯುವ ಸದ್ದಿಗೆ ಎಷ್ಟೋ ಸಲ ನಿದ್ದೆಯಿಂದ ಎದ್ದಿದ್ದೇನೆ. ಜಗತ್ತಿನಲ್ಲಿ ಯಾರು ಮರೆತರೂ ನಾನು ಮರೆಯುವಂತಿರಲಿಲ್ಲ. ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋಗಿ ನಾನು ಮರೆತು ಬಂದದ್ದು ಇದನ್ನೇ.

"ನುಸಿ ಹತ್ತಿದ್ರ ಕಾಳು ಬದ್ಲಿ ಮಾಡಬೇಕು," ಎಂದರು ಅಬ್ಬಾ, ಸ್ವಲ್ಪ ತಣ್ಣಗಾಗಿ. "ಬರಿದು ಮಾಡಬಾರ್ದು. ಅಷ್ಟ ವ್ಯತ್ಯಾಸ."

ವತ್ಸಲಕ್ಕ ಹೇಳಿದ ದಿನವೇ ಬಂದರು. ಚೀಲ ಕೆಳಗಿಡದೆ ವಖಾರದೊಳಗೆ ಒಂದು ಸುತ್ತು ಹಾಕಿದರು. ನಾನು ಬಾಗಿಲ ಹತ್ತಿರ ನಿಂತು ಎಲ್ಲ ಹೇಳಿದೆ, ಒಂದೂ ಬಿಡದೆ. ಅಡಕಲಿನಲ್ಲಿ ಉಳಿದ ನಾಲ್ಕು ಬೋರಲು ಗಡಿಗೆಗಳ ಮುಂದೆ ಅವರು ಬಹಳ ಹೊತ್ತು ನಿಂತರು. ಕೆಲಸ ಹೋಯಿತು ಎಂದುಕೊಂಡೆ. ಅಮ್ಮನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದೆ.

"ಭಾಳ ಚೊಲೋ ತೊಳದೀದಿ," ಎಂದರು. ವ್ಯಂಗ್ಯವೋ ಅಲ್ಲವೋ ತಿಳಿಯಲಿಲ್ಲ. ಆಮೇಲೆ ಅಲ್ಲಿದ್ದ ಬೀಸುಕಲ್ಲಿನ ಮೇಲೆ ಕುಳಿತರು.

"ಮೊದಲನೇ ವರ್ಷ ನಾನೂ ಇದನ್ನ ಮಾಡೇನಿ, ಜೈತೂ. ಒಬ್ಬಾಕಿ ಹರವಿ ಕೊಟ್ಲು. ನನಗ ಅದರ ಒಳಗಿನ ಮೈ ನೋಡೂದಿತ್ತು, ಎಷ್ಟು ತೆಳುವು ಬಡದಾರ ಅಂತ. ಆಕಿ ಅಂಗಳದಾಗ, ಆಕಿ ಕಣ್ಣೆದುರಿಗೆ, ಹರವಿ ಡಬ್ಬ ಹಾಕಿ ಕಾಳು ನೆಲಕ್ಕ ಸುರವಿದೆ. ನನಗ ಆಕಾರ ಬೇಕಾಗಿತ್ತು. ಆ ಊರಾಗ ನಾಕು ವರ್ಷ ನನಗ ಯಾರೂ ಬಾಗಲಾ ತಗೀಲಿಲ್ಲ."

"ಮತ್ತ ಹೆಂಗ ಸರಿ ಮಾಡಿದ್ರಿ?"

"ಎಲ್ಲಿ ಸರಿ ಆತು? ಆ ಅವ್ವ ತೀರಿಕೊಂಡ್ಲು." ಎದ್ದು ಸೆರಗು ಕೊಡವಿದರು. "ನಿಂಗವ್ವ ಇನ್ನೂ ಅದಾಳ. ನಾಳೆ ಹೋಗು. ನಾ ಬರಂಗಿಲ್ಲ. ನಾ ಬಂದ್ರ ವಕೀಲರ ಮಗಳು ಬಂದ್ಲು ಅಂತ ಸಂಕೋಚಕ್ಕ ಕೊಡ್ತಾಳ. ಹಂಗ ಬಂದ ಗಡಗಿ ನನಗ ಬ್ಯಾಡ."

ನಾನು ಮನೆಗೆ ಹೊರಡುವಾಗ ತಮ್ಮ ಭಟ್ಟಿಯ ಒಂದು ಬಟ್ಟಲು ಕೊಟ್ಟರು. ಜೇನಿನ ಬಣ್ಣದ್ದು. ಮುಂಬಯಿಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ತಮ್ಮದೊಂದನ್ನೂ ಅವರು ವಖಾರದಲ್ಲಿ ಇಟ್ಟಿರಲಿಲ್ಲ. ಯಾಕೆಂದು ಕೇಳಿದರೆ, "ಇದರಾಗ ಇನ್ನೂ ಯಾರೂ ಉಂಡಿಲ್ಲಲ್ಲಾ" ಎನ್ನುತ್ತಿದ್ದರು. ಅಬ್ಬಾ ಅದರಲ್ಲಿ ನಮ್ಮ ಮನೆಯ ಚೀಲದ ಜೋಳ ತುಂಬಿಕೊಟ್ಟರು, ಅಂಚಿನ ಮೇಲೆ ದಿಬ್ಬವಾಗುವಷ್ಟು.

ಅಧಿಕಾರಿ ಬರುವ ಹಿಂದಿನ ದಿನ. ಕಾಗಿನೆಲೆಯವರೆಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಅಲ್ಲಿಂದ ನಡಿಗೆ. ಬಟ್ಟಲಿಗೆ ಬಟ್ಟೆ ಕಟ್ಟಿ ಕೂಸಿನ ಹಾಗೆ ಎತ್ತಿಕೊಂಡು ಹೋದೆ. ಕಾಕತಾಳೀಯವೆಂಬಂತೆ ಆ ದಿನ ಎರಡೂ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸಿಕ್ಕರೂ ಅಂಚಿನಲ್ಲೇ ಕೂತಿದ್ದೆ.

ನಿಂಗವ್ವ ಅಂಗಳದಲ್ಲಿ ಮೊರ ಹಿಡಿದು ಕಾಳು ಕೇರುತ್ತಿದ್ದಳು. ನನ್ನನ್ನು ನೋಡಿಯೂ ಕೇರುವುದನ್ನು ನಿಲ್ಲಿಸಲಿಲ್ಲ.

"ಬಾ. ಏನು, ಇಲ್ಲೆನೂ ತೊಳ್ಯಾಕ ಬಂದೀಯೇನು?"

"ತಪ್ಪಾತಬೇ," ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಉದ್ದ ಮಾತು ಅಷ್ಟಕ್ಕೇ ಮುಗಿಯಿತು. ಬಟ್ಟಲನ್ನು ಅವಳ ಮುಂದಿಟ್ಟೆ. "ನಮ್ಮ ಮನಿ ಜ್ವಾಳ."

ಅವಳು ಬಟ್ಟೆ ಬಿಚ್ಚಿದಳು. ಜೋಳವನ್ನು ಅಂಗೈಯಲ್ಲಿ ಹಿಡಿದು ನೋಡಿದಳು, ಒಂದು ಕಾಳು ಬಾಯಿಗೆ ಹಾಕಿ ಕಡಿದಳು. "ಕಲಾಯಿ ಸಾಬನ ಮಗಳಲ್ಲ ನೀನು? ನಿಮ್ಮಪ್ಪ ನಮ್ಮ ಹಂಡೆಕ್ಕ ಕಲಾಯಿ ಹಾಕ್ಯಾನ." ಜೋಳವನ್ನು ತನ್ನ ಮೊರಕ್ಕೆ ಸುರಿದುಕೊಂಡಳು. ಸೊಸೆಯನ್ನು ಕರೆದು ಚಹಾ ಇಡಲು ಹೇಳಿದಳು. ಚಹಾ ಕುಡಿದೆವು. ಮಳೆಯ ಮಾತು ಬಂತು, ಅವಳ ಮೊಣಕಾಲಿನ ಮಾತು ಬಂತು. ಗಡಿಗೆಯ ಮಾತು ಬರಲಿಲ್ಲ. ಒಳಗೆ ಗೂಡಿನಲ್ಲಿ ಸಣ್ಣ ಗಡಿಗೆ ಕೂತದ್ದು ಕಾಣುತ್ತಿತ್ತು, ಬಾಯಿ ಮೇಲಾಗಿ.

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಸೋತಿದ್ದೆ. ಸೋತರೂ ಗುಮಾಸ್ತಿಯ ಬುದ್ಧಿ ಎಲ್ಲಿ ಹೋಗುತ್ತದೆ? ಹೊರಗೆ ಹೋದ ವಸ್ತು ಒಳಗೆ ಬರಬೇಕು, ಅದು ನನ್ನ ಕೆಲಸ.

"ಬೇ, ಆ ಬಟ್ಲ ಅಕ್ಕಾರದು. ವಾಪಸ್ ಒಯ್ಯಬೇಕು."

ನಿಂಗವ್ವ ಬಟ್ಟಲನ್ನು ಎತ್ತಿದಳು. ಕೊಡಲೆಂದು ಕೈ ಚಾಚಿದವಳು ಅರ್ಧಕ್ಕೆ ನಿಂತಳು. ಬಟ್ಟಲಿನೊಳಗೆ ನೋಡಿದಳು. ನನ್ನನ್ನು ನೋಡಿದಳು.

"ಬರೇ ಬಟ್ಲ ಹೆಂಗ ಕೊಡ್ಲಿ?"

ಅವಳು ಒಳಗೆ ಹೋದಳು. ಏನೇನೋ ಮುಚ್ಚಳ ತೆಗೆಯುವ ಸದ್ದು ಕೇಳಿತು. ಸೊಸೆ ಸಕ್ಕರೆ ತರಲೇ ಎಂದಳು. "ಸಕ್ಕರಿ ಬ್ಯಾಡ, ಸಕ್ಕರಿ ಅಂಗಡೀದು" ಎಂದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಬಟ್ಟಲಿನಲ್ಲಿ ಹೆಸರುಕಾಳು ತುಂಬಿತ್ತು. ತಲೆಯ ಮೇಲೆ ಸೆರಗು ಹೊದ್ದಿದ್ದಳು, ಕಾಲಲ್ಲಿ ಚಪ್ಪಲಿ. ಇನ್ನೊಂದು ಕೈಯಲ್ಲಿ ಸಣ್ಣ ಗಡಿಗೆ.

"ನಡಿ."

"ನೀ ಯಾಕ ಬರ್ತೀಬೇ? ನಾ ಹುಷಾರಲೆ ಒಯ್ತೀನಿ."

"ನಿನ್ನ ಹುಷಾರಕಿ ನೋಡೇನಿ. ಮತ್ತ ಎಲ್ಲೆರೆ ಕೋಳಿ ಕಂಡ್ರ ಸುರವ್ತಿ."

ಆ ರಾತ್ರಿ ಅವಳು ವತ್ಸಲಕ್ಕನ ಮನೆಯಲ್ಲಿ ಉಳಿದಳು. ಬರುವ ದಾರಿಯಲ್ಲಿ, ಬ್ಯಾಡಗಿಯ ಬಸ್ ಸ್ಟ್ಯಾಂಡಿನಲ್ಲಿ, ಕಂಡ ಪರಿಚಯದ ಹೆಂಗಸರಿಗೆಲ್ಲ ಹೇಳಿದ್ದಳು. ಬೆಳಗಾಗುವುದರಲ್ಲಿ ವಖಾರದ ಮುಂದೆ ಮಂದಿ. ಹೋಗಿದ್ದ ಮೂರು ಗಡಿಗೆಗಳಲ್ಲಿ ಎರಡು ಮರಳಿ ಬಂದವು. ಒಂದು ಬರಲಿಲ್ಲ, ವಖಾರದಲ್ಲಿ ಅದರ ಜಾಗ ಇಂದಿಗೂ ಖಾಲಿಯಿದೆ. ತೊಟ್ಟು ಬಿಡಿಸಲು ಹೊರಟಿದ್ದ ಹೆಂಗಸರು ಅಮ್ಮನ ಹಿಂದೆ ಬಂದು ಸೆರಗಿನ ಗಂಟಿನಿಂದ ಒಂದೊಂದು ಹಿಡಿ ಹಾಕಿಹೋದರು. ಅಬ್ಬಾ ಬೇವಿನ ಎಲೆ ತಂದು ಪ್ರತಿಯೊಂದರಲ್ಲೂ ನಾಲ್ಕು ನಾಲ್ಕು ಸೇರಿಸಿದರು. ಬೋರಲು ಬಿದ್ದವೆಲ್ಲ ಎದ್ದು ಕೂತವು, ಅಡಕಲು ಮತ್ತೆ ಒಂದರ ಮೇಲೊಂದು ನಿಂತಿತು. ವತ್ಸಲಕ್ಕ ಒಂದೊಂದನ್ನೂ ಬಡಿದು ನೋಡುತ್ತಿದ್ದರು. ತುಂಬಿದ ಗಡಿಗೆಯ ಸದ್ದೇ ಬೇರೆ, ಅದು ನನಗೂ ಆ ದಿನ ಕೇಳಿಸಿತು.

ಅಧಿಕಾರಿ ಮಧ್ಯಾಹ್ನ ಜೀಪಿನಲ್ಲಿ ಬಂದರು. ದಪ್ಪನೆಯ ಮನುಷ್ಯ. ಕೈಯಲ್ಲಿ ಒಂದು ಚೀಲವಿತ್ತು. ಬ್ಯಾಡಗಿಗೆ ಬಂದ ಯಾವ ಅಧಿಕಾರಿಯೂ ಮನೆಗೆ ಮೆಣಸಿನಕಾಯಿ ಕೊಳ್ಳದೆ ಹೋಗುವುದಿಲ್ಲ, ಇವರು ಬರುವಾಗಲೇ ಕೊಂಡಿದ್ದರು. ಎಲ್ಲ ನೋಡಿದರು. ಅಡಕಲಿನ ಮುಂದೆ ನಿಂತು ಮೇಲಿನ ಗಡಿಗೆಯೊಳಗೆ ಇಣುಕಿದರು.

"ಇದರಲ್ಲಿ ಕಾಳು ಯಾಕೆ ಇಟ್ಟಿದ್ದೀರಿ?"

ಹೇಳಬೇಕಾದವಳು ನಾನು. ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆ ಹಿಡಿದು ಕೂತಿದ್ದ ನಿಂಗವ್ವ ಎದ್ದು ಬಂದಳು.

"ಇಟ್ಟಿಲ್ರಿ ಸಾಹೇಬ್ರ, ಕೊಟ್ಟೇವಿ. ಬರಿ ಗಡಗಿ ಕೊಡೂದಿಲ್ಲ ನಾವು. ಇಲ್ಲೆ ಬಂದ ಮಂದಿ ಎಲ್ಲಾರೂ ಒಂದೊಂದು ಹಿಡಿ ಹಾಕ್ಯಾರ."

ಸಾಹೇಬರು ವತ್ಸಲಕ್ಕನ ಕಡೆ ನೋಡಿದರು. ವತ್ಸಲಕ್ಕ ನನ್ನ ಕಡೆ ನೋಡಿದರು. ನಾನು ಅಬ್ಬಾನ ಕಡೆ. ಯಾರೂ ಅವಳನ್ನು ತಡೆಯಲಿಲ್ಲ. ಸಾಹೇಬರು ತಮ್ಮ ಚೀಲದ ಬಾಯಿ ಬಿಚ್ಚಿದರು.

"ಮೆಣಸಿನಕಾಯಿ ನಡೆಯುತ್ತದೆಯೇ?"

"ನಡೀತೈತಿ."

ಅವರು ಎರಡು ಬೆರಳಲ್ಲಿ ಎರಡು ಮೆಣಸಿನಕಾಯಿ ಎತ್ತಿದರು. ನಿಂಗವ್ವ ಗಡಿಗೆಯ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಹಿಡಿ ತುಂಬ ಹಾಕ್ರಿ ಸಾಹೇಬ್ರ. ನಿಮ್ಮ ಕೈ ದೊಡ್ಡದೈತಿ."

ಸಾಹೇಬರು ಚೀಲದೊಳಗೆ ಕೈ ಇಳಿಸಿ, ಹಿಡಿ ತುಂಬಿಸಿ ತಂದರು. ಆಗ ಅವಳು ಅಂಗೈ ತೆಗೆದಳು.